ಬಾಯಿ ಬಿಟ್ಟರೆ ಬಣ್ಣಗೇಡು

ಒಂಬತ್ತು ವರ್ಷದಿಂದ ನಾನು ಮಾಡಿಕೊಂಡು ಬಂದಿರುವುದು ಒಂದೇ ಕೆಲಸ. ಫಾರ್ಮ್ ತುಂಬುವ ಜನ ತಲೆ ಕೆರೆದುಕೊಳ್ಳಬಾರದು, ಅಷ್ಟೇ. ಯಾವ ಬಾಕ್ಸಿನಲ್ಲಿ ಏನು ಬರೆಯಬೇಕು, ಅದನ್ನು ಯಾಕೆ ಕೇಳುತ್ತಿದ್ದಾರೆ, ತಪ್ಪಾದರೆ ಏನು ಗತಿ, ಇದೆಲ್ಲ ನೋಡಿದ ಕೂಡಲೇ ತಿಳಿಯಬೇಕು. ಇದಕ್ಕೆ ಯೂಸರ್ ಎಕ್ಸ್‌ಪೀರಿಯನ್ಸ್ ಡಿಸೈನ್ ಎಂಬ ಭಾರಿ ಹೆಸರಿದೆ. 1993ರಲ್ಲಿ ಡಾನ್ ನಾರ್ಮನ್ ಎಂಬ ವಿನ್ಯಾಸ ತಜ್ಞರು ಆಪಲ್ ಕಂಪನಿ ಸೇರಿದಾಗ ತಮ್ಮ ಹುದ್ದೆಯ ಹೆಸರಿಗೇ ಈ ಪದ ಸೇರಿಸಿಕೊಂಡರು. ಪುಣ್ಯಾತ್ಮರು. ಅವರ ಹೆಸರು ಹೇಳಿಕೊಂಡು ನಮ್ಮಂಥವರು ಹೊಟ್ಟೆ ಹೊರೆಯುತ್ತಿದ್ದೇವೆ.

ಇಂಥ ನಾನು ಕಳೆದ ವಾರ ಒಂದು ಫಾರ್ಮಿನ ಮುಂದೆ ನಲವತ್ತು ನಿಮಿಷ ಕೂತೆ. ಕೆಲಸಕ್ಕೆ ಅರ್ಜಿ. ಹೆಸರು, ಅನುಭವ, ಪೋರ್ಟ್‌ಫೋಲಿಯೋ ಲಿಂಕ್, ಎಲ್ಲ ಸರಸರ ಆಯಿತು. ಕೊನೆಗೊಂದು ಬಾಕ್ಸ್: 'ನಿರೀಕ್ಷಿತ ಸಂಬಳ'. ಪಕ್ಕದಲ್ಲಿ ಕೆಂಪು ನಕ್ಷತ್ರ. ಅಂದರೆ ತುಂಬಲೇಬೇಕು. ತಿಂಗಳಿಗೋ ವರ್ಷಕ್ಕೋ, ತೆರಿಗೆ ಕಳೆದೋ ಸೇರಿಸಿಯೋ, ಬೋನಸ್ಸು ಇದರೊಳಗೋ ಹೊರಗೋ, ಒಂದು ಸುಳಿವೂ ಇಲ್ಲ.

'ಮಾತಾಡಿ ತೀರ್ಮಾನಿಸೋಣ' ಎಂದು ಬರೆದೆ. 'ಅಂಕಿಗಳನ್ನು ಮಾತ್ರ ನಮೂದಿಸಿ' ಎಂದು ಕೆಂಪಗೆ ಗದರಿತು. ಸೊನ್ನೆ ಹಾಕಿದೆ. 'ಸರಿಯಾದ ಮೊತ್ತ ನಮೂದಿಸಿ' ಎಂದಿತು. ರೇಗಿಹೋಗಿ ಒಂದು ಎಂದು ಹಾಕಿದೆ. ಒಪ್ಪಿಕೊಂಡಿತು! ಹಸಿರು ಟಿಕ್ ಕೂಡ ಬಂತು. ನಿಮ್ಮ ಅರ್ಜಿ ಸಲ್ಲಿಕೆಯಾಗಿದೆ, ಧನ್ಯವಾದಗಳು.

ಆಮೇಲೆ ಜಾಹೀರಾತನ್ನು ಮತ್ತೊಮ್ಮೆ ಓದಿದೆ. ಎಲ್ಲಾದರೂ ಸಂಬಳ ಬರೆದಿದ್ದು ನನ್ನ ಕಣ್ಣಿಗೆ ಬೀಳಲಿಲ್ಲವೋ ಏನೋ ಅಂತ. 'ಆಕರ್ಷಕ ಸಂಬಳ' ಎಂದಿತ್ತು. ಯಾರಿಗೆ ಆಕರ್ಷಕ ಅಂತ ಇರಲಿಲ್ಲ. ಉಳಿದದ್ದೆಲ್ಲ ವಿವರವಾಗಿಯೇ ಇತ್ತು. ಬಳಕೆದಾರರನ್ನು ಮಾತಾಡಿಸಬೇಕು, ವೈರ್‌ಫ್ರೇಮ್ (ಪರದೆಯ ಕರಡು ನಕ್ಷೆ) ಮಾಡಬೇಕು, ಬಣ್ಣ ಹಚ್ಚಬೇಕು, ಆ್ಯನಿಮೇಷನ್ ಬರಬೇಕು, ಒಂದಿಷ್ಟು ಕೋಡೂ ಬರೆಯಬೇಕು. ಡಿಸೈನ್ ಸಿಸ್ಟಂ (ಎಲ್ಲ ಪುಟಕ್ಕೂ ಹೊಂದುವ ಒಂದೇ ವಿನ್ಯಾಸದ ಕಟ್ಟು) ಕಟ್ಟಬೇಕು. ಕಿರಿಯರಿಗೆ ಪಾಠ ಹೇಳಬೇಕು, ಹಿರಿಯರ ಮನಸ್ಸು ಒಲಿಸಬೇಕು. ನಾಲ್ಕು ಜನರ ಕೆಲಸ, ಕುರ್ಚಿ ಒಂದೇ. ಇಷ್ಟು ಪಟ್ಟಿ ಮಾಡಲು ಪುರುಸೊತ್ತಿದ್ದವರಿಗೆ ಒಂದು ಸಂಖ್ಯೆ ಬರೆಯಲು ಮಾತ್ರ ಕೈ ಬರಲಿಲ್ಲ.

ಅವರಿಗೆ ಆ ಸಂಖ್ಯೆ ಗೊತ್ತಿಲ್ವಾ? ಚೆನ್ನಾಗಿ ಗೊತ್ತು. ಜಾಹೀರಾತು ಹೊರಗೆ ಬರುವ ಮೊದಲೇ ಫೈನಾನ್ಸಿನವರು ಬಜೆಟ್ಟಿಗೆ ಒಪ್ಪಿಗೆ ಕೊಟ್ಟಿರುತ್ತಾರೆ. ಈ ಹುದ್ದೆಗೆ ಕನಿಷ್ಠ ಇಷ್ಟು, ಗರಿಷ್ಠ ಇಷ್ಟು ಎಂದು ಎಚ್ಆರ್ ಕಡತದಲ್ಲಿ ಕೂತಿರುತ್ತದೆ. ಅದನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡು, ನಮ್ಮ ಕಣ್ಣಿಗೆ ಬಟ್ಟೆ ಕಟ್ಟಿ, 'ಎಲ್ಲಿ, ಗುರಿ ಹೊಡಿ ನೋಡೋಣ' ಎನ್ನುತ್ತಾರೆ. ಮೇಲೆ ಹೊಡೆದರೆ ದುರಾಸೆಯವನು. ಕೆಳಗೆ ಹೊಡೆದರೆ ಅವರಿಗೆ ಲಾಭ. ನಡುವೆ ಹೊಡೆದರೆ, 'ಮಾರುಕಟ್ಟೆ ಈಗ ಸ್ವಲ್ಪ ಡಲ್ ಇದೆ ಸರ್.'

ನಮ್ಮ ಕಸುಬಿನಲ್ಲಿ 10 ಸೂತ್ರಗಳಿವೆ. ಜೇಕಬ್ ನೀಲ್ಸನ್ ಎಂಬ ತಜ್ಞರು 1994ರಲ್ಲಿ ಪಟ್ಟಿ ಮಾಡಿದ್ದು. ಸಂದರ್ಶನದಲ್ಲಿ ಇವನ್ನು ಕೇಳಿಯೇ ಕೇಳುತ್ತಾರೆ. ಮೊದಲನೆಯದು, ಒಳಗೆ ಏನು ನಡೆಯುತ್ತಿದೆ ಎಂಬುದು ಬಳಕೆದಾರನಿಗೆ ಕಾಣುತ್ತಿರಬೇಕು. ನಾನು ಇದನ್ನು ಉದಾಹರಣೆ ಸಮೇತ ವಿವರಿಸಿ, ಭೇಷ್ ಅನ್ನಿಸಿಕೊಂಡು ಹೊರಗೆ ಬರುತ್ತೇನೆ. ಆಮೇಲೆ ಐದು ವಾರ ಆ ಕಡೆಯಿಂದ ಸದ್ದೇ ಇರುವುದಿಲ್ಲ. ಮೂರನೆಯದು, ತಪ್ಪಿ ಒತ್ತಿದರೆ ಹಿಂದೆ ಬರಲು ದಾರಿ ಇರಬೇಕು. ಸಂಬಳದ ವಿಷಯದಲ್ಲಿ ಒಮ್ಮೆ ಬಾಯಿಂದ ಬಿದ್ದ ಸಂಖ್ಯೆಗೆ ಅನ್‌ಡೂ ಬಟನ್ ಎಲ್ಲಿದೆ ತೋರಿಸಿ ನೋಡೋಣ. ಆರನೆಯದು, ಬಳಕೆದಾರ ನೆನಪಿನಿಂದ ಕೆದಕಿ ತೆಗೆಯುವ ಹಾಗಿರಬಾರದು, ಆಯ್ಕೆಗಳು ಕಣ್ಣ ಮುಂದೆಯೇ ಇರಬೇಕು. ದೇಶ ಆರಿಸಲು ಇನ್ನೂರು ಹೆಸರಿನ ಪಟ್ಟಿ ಕೊಡುತ್ತಾರೆ. ಸಂಬಳಕ್ಕೆ ಮಾತ್ರ ಖಾಲಿ ಡಬ್ಬಿ.

ಇದೇ ನೀಲ್ಸನ್ 2000ದಲ್ಲಿ ಇನ್ನೊಂದು ಮಾತು ಹೇಳಿದರು. ಐದು ಬಳಕೆದಾರರ ಮೇಲೆ ಪರೀಕ್ಷೆ ಮಾಡಿದರೆ ಸಾಕು, ಬಹುಪಾಲು ದೋಷ ಸಿಕ್ಕಿಬಿಡುತ್ತವೆ. ಕಂಪನಿಗಳು ಇದೊಂದನ್ನು ಮಾತ್ರ ಭಕ್ತಿಯಿಂದ ಪಾಲಿಸುತ್ತಿವೆ. ಐದು ಸುತ್ತು ಸಂದರ್ಶನ, ಐದು ಜನ. ಹುಡುಕುವುದು ನನ್ನ ದೋಷ. ನಡುವೆ ಮನೆಗೆ ಒಂದು ಅಸೈನ್‌ಮೆಂಟ್, 'ಎರಡು ಗಂಟೆ ಕೆಲಸ ಅಷ್ಟೇ ಸರ್'. ತೆಗೆದು ನೋಡಿದರೆ ಅವರ ಆ್ಯಪನ್ನು ಪೂರ್ತಿ ಬಿಚ್ಚಿ ಮತ್ತೆ ಕಟ್ಟಬೇಕು. ಆ ಎರಡು ಗಂಟೆಗೆ ಸಂಬಳದ ನಿರೀಕ್ಷೆ ಎಷ್ಟು ಅಂತ ಯಾರೂ ಕೇಳಲ್ಲ.

ಸಲಹೆ ಕೊಡುವವರಿಗೇನೂ ಬರವಿಲ್ಲ. ಒಬ್ಬರು, 'ಮೊದಲು ಸಂಖ್ಯೆ ಹೇಳಿದವನು ಕೆಟ್ಟ' ಎನ್ನುತ್ತಾರೆ. ಇನ್ನೊಬ್ಬರು, 'ಮೊದಲು ಹೇಳಿದವನೇ ಗೆದ್ದ' ಎನ್ನುತ್ತಾರೆ. ಎರಡನೆಯವರ ಕೈಯಲ್ಲಿ ಸಂಶೋಧನೆಯೂ ಇದೆ. ಟ್ವರ್ಸ್ಕಿ ಮತ್ತು ಕಾನೆಮನ್ ಎಂಬ ಮನೋವಿಜ್ಞಾನಿಗಳು 1974ರಲ್ಲಿ ಬರೆದದ್ದು. ಸಂಖ್ಯೆಗಳಿರುವ ಒಂದು ಚಕ್ರ ತಿರುಗಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕಾದ ದೇಶಗಳು ಶೇಕಡಾ ಎಷ್ಟಿವೆ ಎಂದು ಜನರನ್ನು ಕೇಳಿದರು. ಚಕ್ರ 10ಕ್ಕೆ ನಿಂತದ್ದನ್ನು ನೋಡಿದವರ ಅಂದಾಜು 25ರ ಸುತ್ತ, 65ಕ್ಕೆ ನಿಂತದ್ದನ್ನು ನೋಡಿದವರದು 45ರ ಸುತ್ತ. ಚಕ್ರಕ್ಕೂ ಆಫ್ರಿಕಾಕ್ಕೂ ಏನೂ ಸಂಬಂಧವಿಲ್ಲ. ಆದರೂ ಮೊದಲು ಎದುರಾದ ಸಂಖ್ಯೆಗೆ ಮನಸ್ಸು ಜೋತುಬೀಳುತ್ತದೆ. ಇದನ್ನು ಓದಿ ಧೈರ್ಯ ಬಂದು ಒಮ್ಮೆ ನಾನೇ ದೊಡ್ಡದೊಂದು ಸಂಖ್ಯೆ ಹೇಳಿದೆ. ಆ ಕಡೆಯಾಕೆಯ ಮನಸ್ಸು ಯಾವುದಕ್ಕೂ ಜೋತುಬೀಳಲಿಲ್ಲ. ಫೋನ್ ಇಟ್ಟರು.

ನಡುವಯಸ್ಸಿನ ಕೆರಿಯರ್ ಇದೆಯಲ್ಲ, ಅದರ ಪಾಡು ಬೇರೆಯೇ. ಹೊಸಬರಿಗೆ 'ಕಲಿಯಲು ಅವಕಾಶ' ಕೊಟ್ಟು ಸುಮ್ಮನಾಗಿಸುತ್ತಾರೆ. ಮೇಲಿನವರಿಗೆ ಷೇರು ಕೊಡುತ್ತಾರೆ. ನಡುವಿನವರಿಗೆ ಕೊಡುವುದು ಹೆಸರು. ಸಂಬಳ ಏರಿಸಲು ಆಗದಿದ್ದರೆ ಸೀನಿಯರ್ ಮಾಡುತ್ತಾರೆ. ಮತ್ತೆ ಆಗದಿದ್ದರೆ ಲೀಡ್. ಆಮೇಲೆ ಸ್ಟಾಫ್, ಪ್ರಿನ್ಸಿಪಲ್. ನನ್ನ ಹುದ್ದೆಯ ಹೆಸರು ಈಗ ಬಿಸಿನೆಸ್ ಕಾರ್ಡಿನಲ್ಲಿ ಎರಡು ಸಾಲಿಗೆ ಇಳಿದಿದೆ. ಒಂದು ಕಂಪನಿಯಲ್ಲಿ ಮೂರು ವರ್ಷಕ್ಕೆ ಸೀನಿಯರ್, ಇನ್ನೊಂದರಲ್ಲಿ ಹನ್ನೆರಡಕ್ಕೆ. ಇವರನ್ನೆಲ್ಲ ಒಂದೇ ರಾಶಿಗೆ ಹಾಕಿ ಸರಾಸರಿ ಸಂಬಳ ತೆಗೆಯುವ ಸಮೀಕ್ಷೆಗಳೂ ಇವೆ. ಕುಂಬಳಕಾಯಿ, ನೆಲ್ಲಿಕಾಯಿ ಸೇರಿಸಿ ತೂಗಿ ಕಾಯಿಯ ಸರಾಸರಿ ಗಾತ್ರ ಹೇಳಿದ ಹಾಗೆ. ಕೊನೆಗೆ ಮಾತಿಗೆ ಕೂತಾಗ ತೀರ್ಪು ಏನಪ್ಪಾ ಅಂದರೆ, ಅನುಭವ ಜಾಸ್ತಿ, ಅದಕ್ಕೇ ದುಬಾರಿ. ಲೀಡರ್‌ಶಿಪ್ ಕಡಿಮೆ, ಅದಕ್ಕೇ ಅಗ್ಗ.

ಸರ್ಕಾರಗಳು ಸುಮ್ನೆ ಕೂತಿಲ್ಲ ಅನ್ನಿ. ಅಮೆರಿಕದ ಕೊಲರಾಡೊದಲ್ಲಿ 2021ರಿಂದ ಜಾಹೀರಾತಿನಲ್ಲಿಯೇ ಸಂಬಳದ ವ್ಯಾಪ್ತಿ ಬರೆಯಬೇಕು ಎಂಬ ಕಾನೂನಿದೆ. ನ್ಯೂಯಾರ್ಕ್ ನಗರಕ್ಕೆ ಅದು ಬಂದದ್ದು 2022ರ ನವೆಂಬರಿನಲ್ಲಿ. ಯುರೋಪಿಯನ್ ಒಕ್ಕೂಟ 2023ರಲ್ಲಿ ಇಂಥದೇ ನಿರ್ದೇಶನ ಹೊರಡಿಸಿ, ಜಾರಿಗೆ ತರಲು ಸದಸ್ಯ ದೇಶಗಳಿಗೆ 2026ರ ಜೂನ್‌ವರೆಗೆ ಗಡುವು ಕೊಟ್ಟಿತು. ಹಿಂದಿನ ಸಂಬಳ ಎಷ್ಟಿತ್ತು ಎಂದು ಅಭ್ಯರ್ಥಿಯನ್ನು ಕೇಳಬಾರದು ಎಂದೂ ಅದರಲ್ಲಿದೆ. ಸರಿ, ಚಾಪೆ ಕೆಳಗೆ ತೂರುವವನಿಗೆ ರಂಗೋಲಿ ಕೆಳಗೆ ತೂರಲು ಬರಲ್ವಾ? ನ್ಯೂಯಾರ್ಕಿನಲ್ಲಿ ಕಾನೂನು ಬಂದ ಹೊಸತರಲ್ಲಿ ಒಂದು ದೊಡ್ಡ ಬ್ಯಾಂಕಿನ ಜಾಹೀರಾತಿನಲ್ಲಿ ಕಂಡ ಸಂಬಳ ಸೊನ್ನೆಯಿಂದ 20 ಲಕ್ಷ ಡಾಲರ್‌ವರೆಗೆ. ತಾಂತ್ರಿಕ ದೋಷ ಎಂದು ಆಮೇಲೆ ತಿದ್ದಿದರು. ನಾನು ನಂಬುತ್ತೇನೆ. ಕನಿಷ್ಠ, ಗರಿಷ್ಠ ಆರಿಸುವ ಸ್ಲೈಡರಿನ ಎರಡು ಗುಂಡಿಗಳನ್ನು ಯಾರೂ ಮುಟ್ಟದಿದ್ದರೆ ಹೀಗೇ ಆಗುವುದು. ಅಲ್ಲೊಬ್ಬ ಒಳ್ಳೆಯ ಡಿಸೈನರ್ ಬೇಕಿತ್ತು. ಸಂಬಳದ ಮಾತಿಗೆ ಸಿಕ್ಕಿಹಾಕಿಕೊಂಡು ಅವನಿನ್ನೂ ಕೆಲಸಕ್ಕೆ ಸೇರಿರಲಿಲ್ಲವೋ ಏನೋ.

ನನಗೊಂದು ಉಪಾಯ ಹೊಳೆದಿತ್ತು. ಆ್ಯಪ್‌ಗಳಿಗೆ ನಾವು ದರದ ಪುಟ ಮಾಡುತ್ತೇವಲ್ಲ, ಮೂರು ಪ್ಲಾನು, ನಡುವಿನದಕ್ಕೆ 'ಬಹುಜನರ ಆಯ್ಕೆ' ಎಂಬ ಪಟ್ಟಿ. ನನಗೂ ಹಾಗೆ ಮಾಡಿಕೊಳ್ಳೋಣ ಅಂತ. ಬೇಸಿಕ್: ಹೇಳಿದ್ದನ್ನು ಬರೆದುಕೊಡುತ್ತೇನೆ, ಪ್ರಶ್ನೆ ಕೇಳಲ್ಲ. ಪ್ರೊ: ಯೋಚನೆಯನ್ನೂ ಮಾಡುತ್ತೇನೆ. ಎಂಟರ್‌ಪ್ರೈಸ್: 'ಲೋಗೋ ಸ್ವಲ್ಪ ದೊಡ್ಡದು ಮಾಡಿ' ಎಂದಾಗ ನಗುತ್ತೇನೆ. ದರಕ್ಕೆ ನಮ್ಮನ್ನು ಸಂಪರ್ಕಿಸಿ.

ಇಷ್ಟೆಲ್ಲ ಬೈದ ಮೇಲೆ ಒಂದು ವಿಷಯ ಒಪ್ಪಿಕೊಳ್ಳಬೇಕು. 2010ರಲ್ಲಿ ಹ್ಯಾರಿ ಬ್ರಿಗ್ನಲ್ ಎಂಬ ಡಿಸೈನರ್, ಜನರನ್ನು ಯಾಮಾರಿಸುವ ವಿನ್ಯಾಸಗಳಿಗೆ 'ಡಾರ್ಕ್ ಪ್ಯಾಟರ್ನ್' ಎಂದು ಹೆಸರಿಟ್ಟರು. ಆ ಬಗ್ಗೆ ನಾನು ವೇದಿಕೆ ಹತ್ತಿ ಭಾಷಣ ಮಾಡಿದ್ದೇನೆ, ಚಪ್ಪಾಳೆಯೂ ಬಿದ್ದಿದೆ. ಆದರೆ ಆರು ವರ್ಷದ ಹಿಂದೆ ಒಬ್ಬ ಗ್ರಾಹಕರಿಗೆ ಉದ್ಯೋಗ ಅರ್ಜಿಯ ಫಾರ್ಮ್ ಮಾಡಿಕೊಟ್ಟಿದ್ದೆ. 'ನಿರೀಕ್ಷಿತ ಸಂಬಳದ ಬಾಕ್ಸಿಗೆ ನಕ್ಷತ್ರ ಹಾಕಿಬಿಡಿ' ಎಂದರು. ಯಾಕೆ ಅಂತ ಕೇಳಲಿಲ್ಲ. ಹಾಕಿದೆ. ಕೆಂಪು ಬಣ್ಣ ಎದ್ದು ಕಾಣುವ ಹಾಗೆ ಎರಡು ಸಲ ತಿದ್ದಿದ್ದೂ ನೆನಪಿದೆ. ಆವತ್ತು ನಾನು ಬೇಸಿಕ್ ಪ್ಲಾನಿನಲ್ಲಿದ್ದೆ.

ಮೊನ್ನೆ ಫೋನ್ ಬಂತು.

'ನಮಸ್ಕಾರ ಸರ್, ನಿಮ್ಮ ಪೋರ್ಟ್‌ಫೋಲಿಯೋ ನಮ್ಮ ಟೀಮಿಗೆ ತುಂಬಾ ಹಿಡಿಸಿದೆ. ಸಂಬಳದ ನಿರೀಕ್ಷೆ ಒಂದು ಅಂತ ಹಾಕಿದ್ದೀರಿ, ಅಲ್ವಾ?'

'ಹೌದು ಮೇಡಂ. ಅದು...'

ಆ ಕಡೆ ಕೀಬೋರ್ಡ್ ಕುಟ್ಟುವ ಸದ್ದು. ಸ್ವಲ್ಪ ಹೊತ್ತು ಯಾರೊಂದಿಗೋ ಪಿಸುಮಾತು.

'ಅದರಲ್ಲಿ ಏನಾದರೂ ಸ್ವಲ್ಪ ಕಡಿಮೆ ಮಾಡಿಕೊಳ್ಳಕ್ಕೆ ಆಗುತ್ತಾ ಸರ್?'