ರಾಜಿ ಆಮೇಲೆ, ಮೊದಲು ಬಾಗಿಲು ತೋರಿಸಿ

ನನ್ನೂರು ದಾವಣಗೆರೆ. ಗುವಾಹಟಿಗೆ ಬಂದು 9 ವರ್ಷ ಆಯ್ತು. ಇಲ್ಲಿ ಮಣಿಪುರದ ಸುದ್ದಿ ಅಂದರೆ ಪಕ್ಕದ ಮನೆ ಸುದ್ದಿ. ಊರಿಗೆ ಹೋದಾಗ ಅದರ ಮಾತು ಬಂದರೆ, "ಅಯ್ಯೋ, ಅದಿನ್ನೂ ಮುಗಿದಿಲ್ವಾ?" ಅಂತಾರೆ.

ಮುಗಿದಿಲ್ಲ. 2023ರ ಮೇ 3ಕ್ಕೆ ಮಣಿಪುರದ ಮೈತೇಯಿ, ಕುಕಿ-ಜೋ ಅನ್ನೋ ಎರಡು ಸಮುದಾಯಗಳ ನಡುವೆ ಶುರುವಾದ ಜಗಳದಲ್ಲಿ 250ಕ್ಕೂ ಜಾಸ್ತಿ ಜನ ಸತ್ತರು. ಸುಮಾರು 60,000 ಜನ ಮನೆ ಬಿಟ್ಟರು. ಮೈತೇಯಿಗಳು ಹೆಚ್ಚಿರೋ ರಾಜಧಾನಿ ಇಂಫಾಲದಿಂದ ಕುಕಿಗಳು ಹೆಚ್ಚಿರೋ ಚುರಾಚಂದಪುರ ಹೆಚ್ಚುಕಡಿಮೆ 60 ಕಿಲೋಮೀಟರ್. ನಮ್ಮ ಲೆಕ್ಕದಲ್ಲಿ ದಾವಣಗೆರೆಯಿಂದ ಚಿತ್ರದುರ್ಗ. ನಾವು ಬೆಳಿಗ್ಗೆ ಬೆಣ್ಣೆ ದೋಸೆ ತಿಂದು ಬಸ್ ಹತ್ತಿದರೆ ಬಿಸಿಲೇರುವ ಮೊದಲು ಕೋಟೆ ಬಾಗಿಲಲ್ಲಿರ್ತೀವಿ. ಜಗಳ ಶುರುವಾದ ಮೇಲೆ ಚುರಾಚಂದಪುರದ ಕುಕಿಗಳು ಅಷ್ಟು ದೂರ ದಾಟೋಕಾಗದೆ, ವಿಮಾನ ಹಿಡಿಯೋಕೆ 300 ಕಿಲೋಮೀಟರಿಗೂ ಆಚೆ, ಮಿಜೋರಾಂನ ಐಜ್ವಾಲ್ ಸುತ್ತುತ್ತಿದ್ದರು.

ಹಾಗೆ ಸುತ್ತಿ ಬಂದ ಕೆಲವು ಕುಕಿ ಶಿಕ್ಷಕರು, ಮೈತೇಯಿ ಕಡೆಯ ಕೆಲವರು, ನೊಂದ ಮಕ್ಕಳಿಗೆ ಪಾಠ ಮಾಡೋದು ಹೇಗೆ ಅನ್ನೋ ತರಬೇತಿಗೆ ಎರಡು ದಿನ ಗುವಾಹಟಿಯಲ್ಲಿ ಸೇರಿದ್ದರು. ನಾನು ಊಟ, ಗಾಡಿ ನೋಡಿಕೊಳ್ಳೋಕೆ ಅಂತ ಹೋದವನು. ನಡೆಸಿಕೊಡುವ ಹೆಂಗಸು ಮಾಡಿದ ಮೊದಲ ಕೆಲಸ ಇನ್ನೂ ಕಣ್ಣಲ್ಲಿದೆ. ಬಾಗಿಲು ತೋರಿಸಿದರು. "ಯಾವಾಗ ಬೇಕಾದ್ರೂ ಎದ್ದು ಹೋಗಿ, ಯಾರನ್ನೂ ಕೇಳಬೇಡಿ" ಅಂದರು. ಆಮೇಲೆ ಆ ಬಾಗಿಲ ಸಂದಿಗೆ ಒಂದು ಕರ್ಚೀಫು ಮಡಚಿ ಇಟ್ಟರು. ಗಾಳಿಗೆ ಧಡ್ ಅಂತ ಬಡಿಯಬಾರದಲ್ವಾ. ಅಂಥ ಸದ್ದಿಗೆ ಬೆಚ್ಚಿಬಿದ್ದ ಮೈ ಎಷ್ಟೋ ಹೊತ್ತು ಕಾವಲಿಗೆ ನಿಂತುಬಿಡುತ್ತೆ. ಆಗ ಪಾಠವೂ ತಲೆಗೆ ಹತ್ತಲ್ಲ, ಸಮಾಧಾನದ ಮಾತೂ ಹತ್ತಲ್ಲ.

ಎರಡು ದಿನದಲ್ಲಿ ರಾಜಿ ಅನ್ನೋ ಮಾತನ್ನ ಯಾರೂ ಎತ್ತಲಿಲ್ಲ. ಏನಾಯ್ತು ಹೇಳಿ ಅಂತಲೂ ಕೇಳಲಿಲ್ಲ. ನಿರಾಶ್ರಿತರ ಶಿಬಿರದಲ್ಲಿರೋ ಮಗು ಸುಮ್ನೆ ಕೂತಿದ್ದರೆ ಅದನ್ನ ಸೊಕ್ಕು ಅನ್ನಬೇಡಿ, ಸುಟ್ಟ ಮನೆಯ ಚಿತ್ರ ಬರೆದರೆ ಯಾರ ಮನೆ ಅಂತ ಕೆದಕಬೇಡಿ, ದಿನಾ ಅದೇ ಹೊತ್ತಿಗೆ ಅದೇ ಹಾಡಿನಿಂದ ಕ್ಲಾಸು ಶುರು ಮಾಡಿ. ಇಂಥವೇ ಮಾತು. ಮೊದಲ ದಿನ ನನಗೆ ತಲೆಕೆಟ್ಟಿತ್ತು. ಬಣ್ಣದ ಚೀಟಿ ಅಂಟಿಸೋದು, ಉಸಿರು ಎಳೆಯೋದು, ಅದನ್ನೆಲ್ಲ ನೋಡಿ ಈಗಲೂ ಸ್ವಲ್ಪ ನಗು ಬರುತ್ತೆ.

ಯಾಕಂದ್ರೆ ನಾನು ಕಂಡಿರೋದು ಬೇರೆ. ಸಿರಿಗೆರೆ ಮಠದಲ್ಲಿ ಸೋಮವಾರ ನ್ಯಾಯಪೀಠ ನಡೆಯುತ್ತೆ. ಎರಡೂ ಕಡೆಯವರು ಎದುರು ನಿಲ್ಲುತ್ತಾರೆ, ಮಾತಾಗುತ್ತೆ, ವ್ಯಾಜ್ಯ ಹರಿಯುತ್ತೆ. ಕೋರ್ಟಿಗೆ ಅಲೆಯೋ ಕಷ್ಟ ಎಷ್ಟೋ ಜನಕ್ಕೆ ತಪ್ಪಿದೆ. ಆದರೆ ಅದಕ್ಕೆ ಇಬ್ಬರೂ ನಂಬುವ ಒಂದು ಪೀಠ ಬೇಕು, ಇಬ್ಬರೂ ಅಲ್ಲಿಗೆ ಬರೋಕೆ ದಾರಿ ಬೇಕು. ಮಣಿಪುರದಲ್ಲಿ ಆ ದಾರಿಯನ್ನೇ ಬಂದೂಕು ಕಾಯ್ತಿತ್ತು. ಅಲ್ಲಿ ರಾಜಿಯಿಂದ ಶುರು ಮಾಡಿದರೆ, ಸತ್ತವರ ಮನೆಯವರಿಗೆ "ಆಗಿದ್ದಾಯ್ತು ಬಿಡ್ರಪ್ಪ" ಅಂದ ಹಾಗೆ.

ನಮ್ಮಲ್ಲೂ ಈ ಬುದ್ಧಿ ಇಲ್ಲ ಅಂತಲ್ಲ. ಸಾವಿನ ಮನೆಗೆ "ಮಾತಾಡಿಸಿಕೊಂಡು ಬರ್ತೀನಿ" ಅಂತ ಹೋಗ್ತೀವಿ. ಹೋಗಿ ಮಾಡೋದೇನು? ಪಕ್ಕ ಕೂರೋದು, ಅಷ್ಟೇ. ಅಪ್ಪ ತೀರಿಕೊಂಡಾಗ ಹಿಂದಿನ ಬೀದಿಯ ಅಜ್ಜಿ ಬಂದು ಅಮ್ಮನ ಮೊಣಕಾಲ ಮೇಲೆ ಕೈ ಇಟ್ಟು ಒಂದು ಗಂಟೆ ಕೂತಿದ್ದರು. ಬಾಯಿ ಬಿಡಲಿಲ್ಲ. ಆ ಅಜ್ಜಿಗೆ ಯಾವ ತರಬೇತಿ ಆಗಿತ್ತು? ನೊಂದವರನ್ನ ಬಲವಂತವಾಗಿ ಮಾತಾಡಿಸಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ತನ್ನ 2011ರ ಕೈಪಿಡಿಯಲ್ಲಿ ಬರೆದಿದೆ.

ಆ ಅಜ್ಜಿಯ ಬುದ್ಧಿ ನಮ್ಮ ಶಾಲೆ ಬಾಗಿಲಲ್ಲೇ ನಿಂತುಬಿಡುತ್ತೆ, ನನ್ನ ತಕರಾರು ಅದು. ನನ್ನ ಅತ್ತಿಗೆ ದಾವಣಗೆರೆ ಹತ್ತಿರದ ಒಂದು ಶಾಲೆಯಲ್ಲಿ ಟೀಚರ್. ಹೋದ ವರ್ಷ ಅವರ ಕ್ಲಾಸಿನ ಹುಡುಗನೊಬ್ಬನ ತಂದೆ ತೀರಿಕೊಂಡರು. ಹುಡುಗ ಶಾಲೆಗೆ ಬಂದ ದಿನವೇ ಪ್ರಾರ್ಥನೆಯಲ್ಲಿ ಅವನನ್ನ ಎಲ್ಲರ ಮುಂದೆ ನಿಲ್ಲಿಸಿ ಮೌನಾಚರಣೆ ಮಾಡಿದರು. ಒಳ್ಳೆ ಮನಸ್ಸಿಂದಲೇ ಮಾಡಿದ್ದು. ಹುಡುಗ ಆಮೇಲೆ ಒಂದು ವಾರ ಶಾಲೆ ಕಡೆ ಬರಲಿಲ್ಲ.

ಗುವಾಹಟಿಯ ಬಾಗಿಲ ಕಥೆಯನ್ನ ಅತ್ತಿಗೆಗೆ ಫೋನಲ್ಲಿ ಹೇಳಿದೆ. "ಅರವತ್ತು ಮಕ್ಕಳ ಕ್ಲಾಸು ಕಣೋ, ಎದ್ದು ಹೋಗು ಅಂದ್ರೆ ಎಲ್ಲವೂ ಹೋಗ್ತಾವೆ" ಅಂತ ಬೈದರು. ಅದೂ ನಿಜವೇ. ತಿಂಗಳಾದ ಮೇಲೆ ಬೇರೇನೋ ಮಾತಾಡ್ತಾ ಮಧ್ಯೆ ಹೇಳಿದರು. ಆ ಹುಡುಗನನ್ನ ಬಾಗಿಲ ಪಕ್ಕದ ಬೆಂಚಿಗೆ ಹಾಕಿದ್ದಾರಂತೆ. ಎದ್ದು ಹೋಗಲ್ವಂತೆ. ಆಗಾಗ ಹೊರಗೆ ನೋಡ್ತಾನಂತೆ, ಮತ್ತೆ ಬರಿಯೋಕೆ ಶುರು ಮಾಡ್ತಾನಂತೆ.