ಅಕ್ಕನ ಮದುವೆ, 224 ಕೆಬಿಪಿಎಸ್

ನಮ್ಮನೇಲಿ ಕಂಪ್ಯೂಟರ್ ಕೆಲಸದವ್ನು ಅಂದ್ರೆ ಮಿಕ್ಸಿ ರಿಪೇರಿಯಿಂದ ಹಿಡಿದು ಗ್ಯಾಸ್ ಬುಕಿಂಗ್ ತನಕ ಎಲ್ಲಾ ಬರುತ್ತೆ ಅಂತ ಲೆಕ್ಕ. ಹಂಗಾಗಿ ಈ ಸಲ ಗೌರಿ ಹಬ್ಬಕ್ಕೆ ತೀರ್ಥಹಳ್ಳಿಗೆ ಹೋದಾಗ ಬ್ಯಾಗ್ ಕೆಳಗಿಡೋಕೆ ಮುಂಚೆನೇ ಅಮ್ಮ ಮೂರು ವಿಸಿಡಿ ಕೈಗಿಟ್ಟು, "ಅಕ್ಕನ ಮದ್ವೇದು ಕಣೋ, ಪೆನ್‌ಡ್ರೈವಿಗೆ ಹಾಕ್ಕೊಡು, ಪ್ಲೇಯರ್ ಕೆಟ್ಟು ಎಷ್ಟು ವರ್ಷ ಆಯ್ತು" ಅಂದ್ರು. 2003ರ ಮದುವೆ. ಕವರ್ ಮೇಲೆ ಅಕ್ಕ ಭಾವ ಇಬ್ರೂ ಒಂದು ಗುಲಾಬಿ ಹೂವಿನೊಳಗೆ ನಿಂತಿದಾರೆ, ಹಿಂದೆ ತಾಜ್‌ಮಹಲ್. ಮದುವೆ ಆಗಿದ್ದು ಕೊಪ್ಪದ ಛತ್ರದಲ್ಲಿ.

ನನ್ನ ಲ್ಯಾಪ್‌ಟಾಪಲ್ಲಿ ಸಿಡಿ ಹಾಕೋ ಜಾಗನೇ ಇಲ್ಲ, ಪೇಟೇಲಿ ಸ್ಟುಡಿಯೋ ಹುಡುಗನ ಹತ್ರ ಎಕ್ಸ್‌ಟರ್ನಲ್ ಡ್ರೈವ್ ಇಸ್ಕೊಂಡು ಬಂದೆ. ಎರಡನೇ ಸಿಡಿ ತುಂಬಾ ಗೀರು. ಭಾವ ಟೂತ್‌ಪೇಸ್ಟ್ ಹಚ್ಚಿ ಉಜ್ಜು ಅಂತ ಬಾತ್‌ರೂಮಿಗೆ ಹೋಗಿ ಬರೋದ್ರೊಳಗೆ ಅಮ್ಮ ಸೆರಗಲ್ಲಿ ಒರೆಸಿ ಕೊಟ್ಟಾಗಿತ್ತು, ಅಷ್ಟಕ್ಕೇ ಓಪನ್ ಆಯ್ತು. ಒಳಗೆ ಡ್ಯಾಟ್ ಅನ್ನೋ ಫೈಲು. ಅದನ್ನ ಎಂಪಿಫೋರ್ ಮಾಡಿದ್ರೆ ಮುಗೀತು, ಮಧ್ಯಾಹ್ನ ಊಟದೊಳಗೆ ಆಗುತ್ತೆ ಅಂತ ಜಂಬದಲ್ಲಿ ಹೇಳಿದೆ, ಆ ಮಾತು ಹೇಳಬಾರದಿತ್ತು.

ಯಾವುದೋ ಫ್ರೀ ಕನ್ವರ್ಟರ್ ಹಾಕಿದೆ. ಅದು ಎಲ್ಲಾ ಕೇಳಿ ಕೊನೆಗೆ ಆಡಿಯೋ ಬಿಟ್‌ರೇಟ್ ಎಷ್ಟು ಅಂತು, ಅಂದ್ರೆ ಒಂದು ಸೆಕೆಂಡ್ ಸದ್ದಿಗೆ ಎಷ್ಟು ಡೇಟಾ ಇಡ್ಲಿ ಅಂತ, ಕೆಬಿಪಿಎಸ್ ಲೆಕ್ಕದಲ್ಲಿ. 64ರಿಂದ 320ರ ತನಕ ನಂಬರ್‌ಗಳು, ಬಸ್ ಸ್ಟ್ಯಾಂಡಲ್ಲಿ ರೇಟ್ ಬೋರ್ಡ್ ಇದ್ದಂಗೆ. ಸಾಧಾರಣ ಮದುವೆ ತಾನೇ ಅಂತ 64 ಒತ್ತಿದೆ. ಒಂದೂವರೆ ಗಂಟೆ ಕೂತೆ, ಮಧ್ಯ ಕರೆಂಟ್ ಹೋಯ್ತು, ಬ್ಯಾಟರಿ ಉಸಿರು ಬಿಡೋಕೆ ಐದು ನಿಮಿಷ ಇರುವಾಗ ವಾಪಸ್ ಬಂತು. ಮೊದಲ ಎರಡು ನಿಮಿಷ ಹಾಕಿ ಕೇಳಿದೆ, ವರ ಕಾರಿಂದ ಇಳಿಯೋ ಸೀನು, ಹಿಂದೆ ವಾಲಗ. ಡೋಲು ಏನೋ ಪರವಾಗಿಲ್ಲ, ಆದ್ರೆ ತಾಳದ ಸದ್ದಿದ್ಯಲ್ಲಾ, ಕಾದ ಎಣ್ಣೆಗೆ ನೀರು ಬಿದ್ದಂಗೆ ಚುರ್ ಚುರ್ ಅಂತಿದೆ. ಅಕ್ಕ ಅಡುಗೆಮನೆಯಿಂದಲೇ, "ಏ ತಮ್ಮಾ, ಒಲೆ ಮೇಲೆ ಏನಾದ್ರೂ ಇಟ್ಟಿದೀಯೇನೋ" ಅಂದ್ಲು.

ಸರಿ, 320 ಹಾಕಿದೆ. ಇನ್ನೊಂದೂವರೆ ಗಂಟೆ. ಫೈಲು ದಪ್ಪ ಆಯ್ತು, ಸೌಂಡು ಸಿಡಿಯಲ್ಲಿ ಇದ್ದಷ್ಟೇ ಇತ್ತು. ಒಂದು ಲೋಟ ಹಾಲನ್ನ ಹಂಡೆಗೆ ಹುಯ್ದ್ರೆ ಹಂಡೆ ತುಂಬಾ ಹಾಲಾಗಲ್ಲ ಅನ್ನೋದು ಆಮೇಲೆ ಹೊಳೀತು. ಮತ್ತೆ ಹೊಸದಾಗಿ ಕಂಪ್ರೆಸ್ ಮಾಡೋದ್ರಿಂದ ಲೋಟಕ್ಕೆ ಅಂಟ್ಕೊಂಡಷ್ಟು ಹಾಲು ಪ್ರತಿ ಸಲ ಲಾಸ್ ಬೇರೆ.

ಮೂಲದಲ್ಲಿ ಎಷ್ಟಿದೆ ಅಂತ ಗೊತ್ತಾಗ್ಬೇಕಲ್ಲ. ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದ್ರೆ ಸೈಜು, ತಾರೀಖು ಬಿಟ್ಟು ಮತ್ತೇನೂ ಇಲ್ಲ. ವಿಎಲ್‌ಸಿ ಪ್ಲೇಯರಲ್ಲಿ ಹಾಕಿ ಅಂಕಿಅಂಶ ತೋರ್ಸೋ ಜಾಗಕ್ಕೆ ಹೋದೆ, ಅಲ್ಲಿ ಬಿಟ್‌ರೇಟ್ ಅಂತ 1400ರ ಆಚೆ ಈಚೆ ಏನೋ ನಂಬರ್ ಕುಣೀತಿದೆ. ಅಬ್ಬಾ ಅಂದ್ಕೊಂಡೆ, ಕನ್ವರ್ಟರಲ್ಲಿ ಇರೋದೇ 320, 1400 ಎಲ್ಲಿಂದ ತರ್ಲಿ! ಪಕ್ಕದ ಟ್ಯಾಬಲ್ಲಿ ನೋಡಿದ್ರೆ 44100. ಅದನ್ನೂ ಬಿಟ್‌ರೇಟ್ ಅಂತಲೇ ತಿಳ್ಕೊಂಡು ಭಾವನ ಹತ್ರ "ನಿಮ್ಮ ಮದ್ವೆ ಸೌಂಡು ಭಾರಿ ಕ್ವಾಲಿಟಿ ಭಾವ, ನಲವತ್ನಾಕ್ ಸಾವ್ರ" ಅಂತ ಹೇಳಿಯೂಬಿಟ್ಟೆ. ಅವ್ರು ಖುಷಿಯಾಗಿ ಅದನ್ನ ಪಕ್ಕದ ತೋಟದವ್ರಿಗೂ ಹೇಳಿದ್ರು. ಅದು ಸ್ಯಾಂಪಲ್ ರೇಟು, ಸೆಕೆಂಡಿಗೆ ಎಷ್ಟು ಸಲ ಸದ್ದನ್ನ ಅಳೆದಿದಾರೆ ಅನ್ನೋ ಲೆಕ್ಕ, ಎಲ್ಲಾ ಆಡಿಯೋ ಸಿಡಿಯಲ್ಲೂ ಅಷ್ಟೇ ಇರೋದು. ಇದನ್ನ ಭಾವನಿಗೆ ಇವತ್ತಿಗೂ ಹೇಳಿಲ್ಲ.

ಕೊನೆಗೆ ಆಫೀಸಿನ ಗೆಳೆಯನಿಗೆ ಫೋನ್ ಮಾಡ್ದೆ. ಮೀಡಿಯಾಇನ್ಫೋ ಅಂತ ಇದೆ ಮಾರಾಯ, ಅದ್ರೊಳಗೆ ಫೈಲ್ ಎಳೆದು ಬಿಡು ಅಂದ. ಬಿಟ್ಟೆ. ಜಾತಕ ಬಿಚ್ಚಿದಂಗೆ ಬಂತು: ವಿಡಿಯೋ 1150, ಆಡಿಯೋ 224. ಎರಡೂ ಕೂಡಿಸಿದ್ರೆ 1374, ಮಿಕ್ಕಿದ್ದು ಎರಡನ್ನೂ ಸೇರಿಸಿ ಕಟ್ಟಿದ ಹಗ್ಗದ ತೂಕ. ಅಂದ್ರೆ ನಾನು ನೋಡಿದ 1400 ಇಡೀ ದಿಬ್ಬಣದ ಲೆಕ್ಕ, ವಾಲಗದವ್ರದ್ದಲ್ಲ. ಇದಕ್ಕಿಂತ ಹೊಟ್ಟೆ ಉರಿಸಿದ್ದು ಇನ್ನೊಂದು ವಿಷ್ಯ, ವಿಸಿಡಿ ಅಂದ್ರೆ ಆಡಿಯೋ 224 ಅಂತ 1993ರಲ್ಲೇ ರೂಲ್ಸ್ ಬರೆದಿಟ್ಟಿದಾರಂತೆ. ಅಕ್ಕನಿಗೆ ಗಂಡು ಗೊತ್ತಾಗೋಕೆ ಹತ್ತು ವರ್ಷ ಮುಂಚೆನೇ ಮದುವೆಯ ಬಿಟ್‌ರೇಟ್ ಗೊತ್ತಾಗಿತ್ತು, ನಾನು ಎರಡು ದಿನ ಹುಡುಕಿದೆ.

ಪೆನ್‌ಡ್ರೈವಲ್ಲಿ ಹಿಡಿಯುತ್ತಾ ಅಂತ ಲೆಕ್ಕ ಹಾಕೋಕೆ ಕೂತೆ. 224 ಇಂಟು 3600, ಗಂಟೆಗೆ ಎಂಟುನೂರು ಎಂಬಿ ಬರೀ ಸೌಂಡಿಗೆ! ಗಾಬರಿಯಾಗಿ ಹೊಸ ಪೆನ್‌ಡ್ರೈವ್ ತರೋಕೆ ಭಾವನ್ನ ಮಳೇಲೇ ಪೇಟೆಗೆ ಓಡಿಸಿದೆ. ಅವ್ರು ಆ ಕಡೆ ಹೋದ್ಮೇಲೆ ನೆನಪಾಯ್ತು, ಕೆಬಿಪಿಎಸ್‌ನ ಬಿ ಅಂದ್ರೆ ಬಿಟ್ಟು, ಬೈಟಲ್ಲ, ಎಂಟು ಬಿಟ್ ಸೇರಿದ್ರೆ ಒಂದು ಬೈಟು, ಎಂಟರಿಂದ ಭಾಗಿಸ್ಬೇಕು, ಗಂಟೆಗೆ ನೂರು ಎಂಬಿ ಅಷ್ಟೇ. ಭಾವ ನೆಂದು ತೊಪ್ಪೆಯಾಗಿ ಬಂದ್ರು, ಮುಂದಕ್ಕೆ ಆಗುತ್ತೆ ಇರ್ಲಿ ಅಂದೆ.

ಗೆಳೆಯ ಮತ್ತೆ ಫೋನ್ ಮಾಡಿ, ನಿಂಗೆ ಬಿಟ್‌ರೇಟ್ ಯಾಕೋ ಬೇಕು, ಏನನ್ನೂ ಬದಲಾಯಿಸದೆ ಕಾಪಿ ಅಂತ ಕೊಟ್ಟು ಎಂಪಿಜಿ ಮಾಡು, ಟೀವಿ ಹಾಡುತ್ತೆ ಅಂದ. ಮೂರೂ ಸಿಡಿ ಸೇರಿ ಹದಿನೈದು ನಿಮಿಷಕ್ಕೆ ಮುಗೀತು.

ರಾತ್ರಿ ಊಟ ಆದ್ಮೇಲೆ ಎಲ್ಲಾ ಜಗಲೀಲಿ ಟೀವಿ ಮುಂದೆ ಕೂತ್ರು. ಕಾರು, ವಾಲಗ, ಸ್ಪಷ್ಟ, ತಾಳ ಠಣ್ ಅಂತಿದೆ, ನಾನು ಎದೆ ಉಬ್ಬಿಸಿ ಕೂತೆ. ಮೂರನೇ ನಿಮಿಷಕ್ಕೆ ಶುರುವಾಯ್ತು ನೋಡಿ, ಸಿನಿಮಾ ಹಾಡು. ವರಪೂಜೆಗೆ ಸಿನಿಮಾ ಹಾಡು, ಧಾರೆಗೆ ಸಿನಿಮಾ ಹಾಡು, ಮಂತ್ರ ಹೇಳೋ ಭಟ್ರ ಬಾಯಿ ಅಲ್ಲಾಡ್ತಿದೆ, ಕೇಳ್ತಿರೋದು ಡ್ಯೂಯೆಟ್ಟು. ವಿಡಿಯೋದವ್ನು ಇಡೀ ಮದುವೆ ಸೌಂಡ್ ತೆಗೆದು ಕ್ಯಾಸೆಟ್ ಹಾಡು ತುಂಬಿದಾನೆ! ಎರಡು ದಿನ ನಾನು ಕಾಪಾಡಿದ್ದು ಯಾರದೋ ಕ್ಯಾಸೆಟ್ಟು.

ಎರಡನೇ ಸಿಡಿಯಲ್ಲಿ ಒಂದು ಹಾಡು ಮುಗಿದು ಇನ್ನೊಂದು ಶುರುವಾಗೋಕೆ ಮುಂಚೆ ಹತ್ತು ಹನ್ನೊಂದು ಸೆಕೆಂಡ್ ಅವನು ಮರೆತುಬಿಟ್ಟಿದ್ದ. ಆ ಗ್ಯಾಪಲ್ಲಿ ಅಜ್ಜಯ್ಯ, "ಏ ಲೈಟಿನವ್ನೇ, ಅತ್ಲಾಗೆ ಸರಿಯೋ ಮಾರಾಯ, ನನ್ನ ಮೊಮ್ಮಗ್ಳು ಕಾಣ್ತಿಲ್ಲ" ಅಂತ ಕೂಗಿದ್ರು. ಜಗಲೀಲಿ ಒಬ್ರೂ ಮಾತಾಡ್ಲಿಲ್ಲ. ಅಜ್ಜಯ್ಯ ಹೋಗಿ ಹನ್ನೆರಡು ವರ್ಷ ಆಯ್ತು. ಅಮ್ಮ ಹಿಂದೆ ಹಾಕು ಅಂದ್ರು, ಹಾಕಿದೆ. ಮತ್ತೆ ಹಾಕು ಅಂದ್ರು. ಆರನೇ ಸಲಕ್ಕೆ ಅಕ್ಕ, "ಅದಷ್ಟನ್ನೇ ಕಟ್ ಮಾಡಿ ನನ್ನ ಫೋನಿಗೆ ಹಾಕೋ" ಅಂದ್ಲು.

ಫೋನಲ್ಲೇ ಒಂದು ಕಟ್ ಮಾಡೋ ಆಪ್ ಹಾಕಿದೆ, ಅಜ್ಜಯ್ಯನ ಮಾತಿನ ಆಚೆ ಈಚೆ ಗುರುತು ಮಾಡಿ ಸೇವ್ ಒತ್ತಿದೆ, ಅದು ಬಿಟ್‌ರೇಟ್ ಎಷ್ಟು ಅಂತು. ಈ ಸಲ ನಂಗೆ ಗೊತ್ತಿತ್ತಲ್ಲ, ಧೈರ್ಯವಾಗಿ ಲಿಸ್ಟ್ ಓಪನ್ ಮಾಡಿದೆ. 192 ಆದ್ಮೇಲೆ ಸೀದಾ 256 ಇತ್ತು.