‘ಯಾರೂ’ ಎಂದು ಬರೆದವನು ನಾನೇ

ಮಧ್ಯಾಹ್ನ ಮೂರೂಕಾಲಿಗೆ ನಡೆದದ್ದು. ಈಗ ರಾತ್ರಿ ಹತ್ತೂವರೆ. ಊಟ ಸೇರಲಿಲ್ಲ. ಆ ಸ್ಟೀಲ್ ಡಬ್ಬಿ ಕಣ್ಣ ಮುಂದಿನಿಂದ ಸರಿಯುತ್ತಿಲ್ಲ.

ಶಾಲೆಯ ಹೊತ್ತಿನಲ್ಲಿ ಮಕ್ಕಳ ಕೈಗೆ ಮೊಬೈಲ್ ಬೇಡವೆಂದವರಲ್ಲಿ ನಾನೇ ಮೊದಲಿಗ. ಫ್ರಾನ್ಸ್ 2018ರಲ್ಲೇ ಕಾನೂನು ಮಾಡಿತು, ಬ್ರೆಜಿಲ್ 2025ರ ಜನವರಿಯಲ್ಲಿ ಮಾಡಿತು, ಫೋನಿನಿಂದ ಒಮ್ಮೆ ಗಮನ ಕದಲಿದರೆ ವಿದ್ಯಾರ್ಥಿ ಪಾಠಕ್ಕೆ ಮರಳಲು 20 ನಿಮಿಷದವರೆಗೂ ಬೇಕಾಗಬಹುದೆಂದು ಯುನೆಸ್ಕೊದ 2023ರ ವರದಿಯಲ್ಲಿದೆ ಎಂದೆಲ್ಲ, ಪ್ರಾರ್ಥನೆಗೆ ನಿಂತ ಮಕ್ಕಳನ್ನು ಬಿಸಿಲಿನಲ್ಲೇ ನಿಲ್ಲಿಸಿಕೊಂಡು ಭಾಷಣ ಬಿಗಿದವನು ನಾನು. ಅಡುಗೆ ಕೋಣೆಯಲ್ಲಿ ಬೇಳೆ ತುಂಬುತ್ತಿದ್ದ ಡಬ್ಬಿಯನ್ನು ಕೇಳಿ ತಂದವನೂ ನಾನೇ. ತಂದ ಫೋನಿಗೆ ಹಾಜರಿ ಸಂಖ್ಯೆಯ ಚೀಟಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಅದರಲ್ಲಿಡಬೇಕು. ಸಂಜೆ ಗಂಟೆ ಹೊಡೆದ ಮೇಲೆ ತೆಗೆದುಕೊಳ್ಳಬೇಕು. ತರಲೇಬೇಡಿ ಎನ್ನಲು ಮನಸ್ಸು ಬರಲಿಲ್ಲ, ಏಕೆಂದರೆ ಗಂಗಾವತಿ ಕಡೆಯ, ಕ್ಯಾಂಪು ಎಂದು ಕರೆಯುವ ಈ ಪುಟ್ಟ ಊರುಗಳಿಂದ ಬರುವ ಹೆಣ್ಣುಮಕ್ಕಳಿಗೆ ಸಂಜೆಯ ಬಸ್ಸು ತಪ್ಪಿದರೆ, ಭತ್ತದ ಗದ್ದೆಯಲ್ಲಿರುವ ತಾಯಿಗೆ ತಿಳಿಸಲು ಬೇರೆ ದಾರಿಯಿಲ್ಲ.

ಫಲಕವನ್ನೂ ನಾನೇ ಬರೆದೆ: ‘ತರಗತಿಯೊಳಗೆ ಯಾರೂ ಮೊಬೈಲ್ ಇಟ್ಟುಕೊಳ್ಳುವಂತಿಲ್ಲ.’ ಅಕ್ಷರ ಮುತ್ತಿನಂತಿವೆ ಎಂದು ಹೆಡ್‌ಮಾಸ್ತರರು ಹೊಗಳಿದ್ದರು ಬೇರೆ. ‘ವಿದ್ಯಾರ್ಥಿಗಳು’ ಎಂದು ಬರೆದಿದ್ದರೆ ಇಂದು ರಾತ್ರಿ ನಾನು ಉಣ್ಣುತ್ತಿದ್ದೆ.

ಹತ್ತನೆಯ ತರಗತಿಗೆ ಭಾಮಿನಿ ಷಟ್ಪದಿಯ ಪ್ರಸ್ತಾರ ನಡೆದಿತ್ತು. ಮೂರು-ನಾಲ್ಕು, ಮೂರು-ನಾಲ್ಕು ಎಂದು ಗಣ ಬಿಡಿಸುತ್ತ ಮೂರನೆಯ ಸಾಲಿನ ಕೊನೆಯ ಗುರುವಿಗೆ ಸೀಮೆಸುಣ್ಣ ತಾಗಿಸಿದ್ದೆನಷ್ಟೇ, ಅಂಗಿಯ ಜೇಬು ಒದರಿಕೊಂಡಿತು. ಒಂದು ಸಲವಲ್ಲ, ನಾಲ್ಕು ಸಲ. ತೆಗೆದು ನೋಡಿದೆ. ಅದು ನನ್ನ ತಪ್ಪು, ಒಪ್ಪುತ್ತೇನೆ. ಇಲ್ಲ, ಏಕೆ ಒಪ್ಪಬೇಕು? ‘ಇಂದು ಮೊಟ್ಟೆ ತಿಂದವರೆಷ್ಟು, ಬಾಳೆಹಣ್ಣು ತಿಂದವರೆಷ್ಟು, ಹತ್ತು ನಿಮಿಷದೊಳಗೆ ಕಳುಹಿಸಿ, ಅತಿ ತುರ್ತು’ ಎಂದು ಮೇಲಿನಿಂದ ಬಂದದ್ದನ್ನು ನೋಡದೆ ಬಿಡುವ ಧೈರ್ಯ ಯಾವ ಮಾಸ್ತರನಿಗಿದೆ?

ತಲೆಯೆತ್ತಿದಾಗ ಎರಡನೆಯ ಸಾಲಿನ ಹುಡುಗನೊಬ್ಬ ಎದ್ದಿದ್ದ. ಕಿಟಕಿಯ ಕಟ್ಟೆಯ ಮೇಲಿದ್ದ ಡಬ್ಬಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ಪ್ರಸಾದ ನೀಡಲು ಬರುವವನಂತೆ ನಿಧಾನವಾಗಿ ನಡೆದು ಬಂದು, ಮುಚ್ಚಳ ತೆಗೆದು ನನ್ನೆದುರು ಹಿಡಿದ.

“ಸರ್, ನಿಮ್ದೂ ಇದ್ರಾಗ ಹಾಕ್ರಿ.”

ವಿನಯಕ್ಕೆ ಎಳ್ಳಷ್ಟೂ ಕೊರತೆಯಿರಲಿಲ್ಲ; ಅದೇ ಹೆಚ್ಚು ಉರಿಯಿತು. ಇದು ಇಲಾಖೆಯ ಕೆಲಸ ಕಣಪ್ಪಾ ಎಂದೆ. ಅವನು ಫಲಕದ ಕಡೆ ನೋಡಿದ.

“ಯಾರೂ ಅಂದ್ರ ನೀವೂ ಬಂದ್ರಿ ಅಲ್ರಿ ಸರ್? ‘ಊ’ ಹಚ್ಚಿದ್ರ ಒಬ್ರನ್ನೂ ಬಿಡಂಗಿಲ್ಲ ಅಂತ ನೀವ ಹೇಳಿದ್ರಿ.”

ಹೇಳಿದ್ದೆ. ಹೋದ ತಿಂಗಳು, ಅವ್ಯಯದ ಪಾಠದಲ್ಲಿ. ಈ ಹುಡುಗನಿಗೆ ವ್ಯಾಕರಣ ತಲೆಗೆ ಹತ್ತುವುದಿಲ್ಲವೆಂದು ಇಷ್ಟು ದಿನ ಕೊರಗುತ್ತಿದ್ದವನೂ ನಾನೇ.

42 ಮಕ್ಕಳಲ್ಲಿ ಒಬ್ಬರೂ ನಗಲಿಲ್ಲ. ನಕ್ಕಿದ್ದರೆ ಗದರಿಸಿ ಪಾರಾಗಬಹುದಿತ್ತು. ಡಬ್ಬಿಯ ತಳದಲ್ಲಿ ಹನ್ನೊಂದು ಫೋನುಗಳು. ಒಂದರ ಒಡೆದ ಗಾಜಿಗೆ ಸೆಲ್ಲೊಟೇಪು ಹಚ್ಚಿದ್ದರು. ಅಂಚಿನಲ್ಲಿ ಎರಡು ಕಾಳು ತೊಗರಿಬೇಳೆ ಉಳಿದಿತ್ತು. ಅವನ್ನೇ ಎಷ್ಟು ಹೊತ್ತು ನೋಡುತ್ತ ನಿಂತೆನೋ ತಿಳಿಯದು. ಮೀಸೆ ಬೆಳ್ಳಗಾದ, 22 ವರ್ಷ ಸೇವೆ ಸಲ್ಲಿಸಿದ ಮನುಷ್ಯ ನಾನು. ಹಾಕಿದೆ. ಹಿಂದಿನ ಬೆಂಚಿನಿಂದ ಯಾರೋ ಹುಡುಗಿ “ಸರ್, ಚೀಟಿ” ಎಂದು ಮೆಲ್ಲಗೆ ನೆನಪಿಸಿದಳು. ನನಗೆ ಹಾಜರಿ ಸಂಖ್ಯೆ ಎಲ್ಲಿಂದ ಬರಬೇಕು? ಫೋನನ್ನು ಮತ್ತೆ ಹೊರತೆಗೆದು, ‘ಕನ್ನಡ’ ಎಂದು ಬರೆದ ಚೀಟಿ ಸುತ್ತಿ, ರಬ್ಬರ್ ಬ್ಯಾಂಡ್ ಹಾಕಿ ಇಟ್ಟೆ.

ವರದಿ ಹೇಳಿದ 20 ನಿಮಿಷ ಮಕ್ಕಳಿಗೆ ಬೇಕಾಗಲೇ ಇಲ್ಲ. ನಾಲ್ಕನೆಯ ಸಾಲಿನಲ್ಲಿ ಮಾತ್ರೆ ತಪ್ಪಿದವನು ನಾನು, ತಿದ್ದಿದವರು ಅವರು.

ಗಂಟೆ ಹೊಡೆದ ಮೇಲೆ ನೋಡಿದರೆ ಒಂಬತ್ತು ಕರೆ ಬಂದಿದ್ದವು, ‘ಮಾಹಿತಿ ನೀಡದ ಶಾಲೆಗಳು’ ಎಂಬ ಪಟ್ಟಿಯಲ್ಲಿ ನಮ್ಮ ಶಾಲೆಯ ಹೆಸರೂ ಏರಿತ್ತು. ಹೆಡ್‌ಮಾಸ್ತರರು ಹಣೆ ಚಚ್ಚಿಕೊಂಡು, “ಹುಡುಗ ಹಾಕ್ರಿ ಅಂದ್ರ ಹಾಕಿಬಿಡೋದೇನ್ರಿ ಮಾಸ್ತರ?” ಎಂದರು. ಈಗ ನಾನು ಲಿಖಿತ ಸಮಜಾಯಿಷಿ ಕೊಡಬೇಕು. ಏನೆಂದು ಬರೆಯಲಿ, ನಿಯಮ ಪಾಲಿಸಿದ್ದಕ್ಕೆ ಕ್ಷಮೆ ಇರಲಿ ಎಂದೇ?

ಯಾರಾದರೂ ಉತ್ತರಿಸಿ, ಯಾರಾದರೂ ಸರಿ. 2020ರ ಮಾರ್ಚಿನಲ್ಲಿ ಶಾಲೆಗಳಿಗೆ ಬೀಗ ಬಿದ್ದ ಮೇಲೆ, ಮಕ್ಕಳಿಗೊಂದು ಫೋನ್ ಕೊಡಿಸಿ ಎಂದು ಮನೆಮನೆಗೆ ಹೋಗಿ ಪಾಲಕರ ಕೈಕಾಲು ಹಿಡಿದವರು ನಾವಲ್ಲವೇ? ಕುರಿ ಮಾರಿ ಕೊಡಿಸಿದವರೂ ನಮ್ಮೂರಲ್ಲಿದ್ದಾರೆ. ಪಠ್ಯಪುಸ್ತಕದಲ್ಲಿ ಸರ್ಕಾರದ ಕಲಿಕೆಯ ಆ್ಯಪ್ ಆದ ದೀಕ್ಷಾದ ಕ್ಯೂಆರ್ ಕೋಡ್ ಅಚ್ಚು ಹಾಕಿಸಿದವರು, ಮಕ್ಕಳು ಅದನ್ನು ಯಾವುದರಿಂದ ನೋಡಲಿ ಎಂದುಕೊಂಡಿದ್ದರು? ಮಕ್ಕಳ ಫೋನನ್ನು ಡಬ್ಬಿಗೆ ಹಾಕಿಸುವ ವ್ಯವಸ್ಥೆಯೇ, ನಾನು ದುಡ್ಡು ಕೊಟ್ಟು ಕೊಂಡು ನಾನೇ ರೀಚಾರ್ಜ್ ಮಾಡಿಸುವ ಫೋನಿಲ್ಲದೆ ಒಂದು ಮೊಟ್ಟೆಯನ್ನೂ ಎಣಿಸಲಾರದು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲ್ಯಾಣ ಕರ್ನಾಟಕ ಏಕೆ ಹಿಂದಿದೆ ಎಂದು ಸಭೆ ಕರೆಯುತ್ತಾರಲ್ಲ, ಆ ಸಭೆಯ ಸೂಚನೆಯೂ ಪಾಠದ ನಡುವೆಯೇ ಬಂದು ಬೀಳುತ್ತದೆ.

ಹೋಗಲಿ ಬಿಡಿ. ಎಲ್ಲರೂ ಹೊಂದಿಕೊಂಡು ಹೋಗುತ್ತಿದ್ದಾರೆ, ನನ್ನದೇನು ಹೆಚ್ಚಿನದು? ಫಲಕ ತಿದ್ದಿದರೆ ಮುಗಿಯಿತು. ಸಂಜೆ ಎಲ್ಲರೂ ಹೋದ ಮೇಲೆ ಕುಂಚ ಹಿಡಿದು ಅದರ ಮುಂದೆ ನಿಂತೆ ಕೂಡ. ಬೆಳಿಗ್ಗೆ ಆ ಹುಡುಗ ಓದಿಯಾನು ಎನಿಸಿ ಕುಂಚ ತೊಳೆದಿಟ್ಟು ಬಂದೆ. ಉದ್ಧಟ ಹುಡುಗ! ಆದರೂ ಆ ‘ಊ’ವನ್ನು ಅಷ್ಟು ಚೆನ್ನಾಗಿ ನೆನಪಿಟ್ಟುಕೊಂಡಿದ್ದನಲ್ಲ.

ಸಮಜಾಯಿಷಿಯ ಹಾಳೆ ಇನ್ನೂ ಖಾಲಿ ಇದೆ. ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಸರಿಯಾಗಿ ಅದರ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಕಂತೆ. ಹನ್ನೊಂದಕ್ಕೆ ನನಗೆ ಅದೇ ಹತ್ತನೆಯ ತರಗತಿಯಿದೆ.